ರತ್ನಿ ಉಂಡ ಎಲೆಯೂಟ

ಸಿದ್ದಾಪುರದ ತಿಮ್ಮರಾಯಪ್ಪ ಹಾಲಿಗೆ ನೀರು ಬೆರೆಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತು ಹೆಚ್ಚಿಲ್ಲ. ಬೆರೆಸಲು ಅವನಿಗೆ ಅವಕಾಶವೂ ಇರಲಿಲ್ಲವೆನ್ನಿ. ಐವತ್ತರ ದಶಕದ ಕೊನೆಯಲ್ಲಿ ಜಯನಗರದ ರಸ್ತೆಗಳಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿಯ ಹೆಂಗಸರು ಪಾತ್ರೆಯಲ್ಲಿ ಬಂದ ಹಾಲನ್ನು ನಂಬುತ್ತಿರಲಿಲ್ಲ. ಹಸುವೇ ಬಾಗಿಲಿಗೆ ಬರಬೇಕು, ಕರೆಯುವ ಮುಂಚೆ ಖಾಲಿ ಚೊಂಬನ್ನು ಬೋರಲು ಹಾಕಿ ತೋರಿಸಬೇಕು, ಆಮೇಲೆ ಕಣ್ಣೆದುರಿಗೇ ಕರೆದು ನೊರೆ ಇಳಿಯುವ ತನಕ ಕಾಯಬೇಕು. ತಿಮ್ಮರಾಯಪ್ಪನಿಗೆ ಎರಡನೇ ಬ್ಲಾಕಿನ ಒಂದೇ ರಸ್ತೆಯಲ್ಲಿ ದಿನವೂ ಹಾಲು ಕೊಳ್ಳುವ ಇಂಥ ಏಳು ವರ್ತನೆ ಮನೆಗಳಿದ್ದವು. ಬೆಳಗ್ಗೆ ಆರಕ್ಕೆ ಅವನ ಹಸು ರತ್ನಿಯ ಕೊರಳ ಗಂಟೆ ರಸ್ತೆಯ ತುದಿಯಲ್ಲಿ ಕೇಳಿಸಿದರೆ ಏಳು ಬಾಗಿಲುಗಳೂ ತೆರೆಯುತ್ತಿದ್ದವು.

ರತ್ನಿ ಸೀಮೆ ತಳಿ ಬೆರೆತ ಕೆಂದು ಬಣ್ಣದ ಹಸು. ಅದರ ಮೇಲೆ ತಿಮ್ಮರಾಯಪ್ಪನಿಗಿದ್ದ ಹೆಮ್ಮೆ ಸ್ವಲ್ಪ ಅತಿಯಾದದ್ದೇ. ಮಾವನ ಮನೆ ಜರಗನಹಳ್ಳಿಗೆ ಹೋದಾಗ ಹೆಂಡತಿ ಮಂಗಮ್ಮನ ಕ್ಷೇಮಕ್ಕಿಂತ ಮೊದಲು ರತ್ನಿಯ ಹಾಲಿನ ಲೆಕ್ಕ ಹೇಳುತ್ತಿದ್ದ ಆಸಾಮಿ ಅವನು. ಮಂಗಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಕೊಟ್ಟಿಗೆ ಗುಡಿಸಿ, ಕಲಗಚ್ಚು ಇಟ್ಟು, ಹಸುವಿನ ಹೊಟ್ಟೆಯ ಹದ ಕಾಯುತ್ತಿದ್ದವಳು ಅವಳು. ಹೊಗಳಿಸಿಕೊಳ್ಳುತ್ತಿದ್ದವನು ಇವನು.

ಐವತ್ತೆಂಟನೇ ಇಸವಿಯ ಆಷಾಢದಲ್ಲಿ ರತ್ನಿ ಎರಡನೇ ಕರು ಹಾಕಿತು. ಹಾಲು ಚೆನ್ನಾಗಿ ಇಳಿಯಿತು. ಶ್ರಾವಣ ಬಂತು, ಹಬ್ಬಗಳು ಸಾಲುಗಟ್ಟಿದವು. ಅಷ್ಟು ಹೊತ್ತಿಗೆ ಆ ರಸ್ತೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಹಬ್ಬದ ಅಡಿಗೆಯಲ್ಲಿ ಮೊದಲ ತುತ್ತು ಗೋವಿಗೆ ಕೊಡುವುದು ಎಲ್ಲ ಕಡೆಯೂ ಇರುವ ಸಂಪ್ರದಾಯವೇ. ಆದರೆ ಬೇರೆ ಕಡೆ ಹಸುವನ್ನು ಹುಡುಕಿಕೊಂಡು ಹೋಗಬೇಕು, ಇಲ್ಲಿ ಹಸು ತಾನಾಗಿಯೇ ಗೇಟಿಗೆ ಬಂದು ನಿಲ್ಲುತ್ತಿತ್ತು. ಮೊದಲ ಮನೆಯ ಅಮ್ಮಣ್ಣಿಯವರು ಒಂದು ಹಿಡಿ ಅನ್ನ ಇಟ್ಟರೆ ಎರಡನೇ ಮನೆಯವರು ಎರಡು ಹಿಡಿ ಇಡುತ್ತಿದ್ದರು. ಮೂರನೆಯವರು ಹಿಂದೆ ಬಿದ್ದಾರೆಯೇ, ಅವರು ಒಬ್ಬಟ್ಟನ್ನೂ ಸೇರಿಸುತ್ತಿದ್ದರು. ಪುಣ್ಯದ ವಿಷಯದಲ್ಲಿ ಆ ರಸ್ತೆಯಲ್ಲಿ ಒಳ್ಳೆಯ ಪೈಪೋಟಿಯಿತ್ತು.

ಭಾದ್ರಪದದ ಪಿತೃಪಕ್ಷ ಶುರುವಾದ ಮೇಲಂತೂ ದಿನಕ್ಕೊಂದು ಮನೆಯಲ್ಲಿ ತಿಥಿ. ಹಸುವಿಗೆಂದೇ ಒಂದು ಪೂರ್ತಿ ಎಲೆ. ಅನ್ನ, ತೊವ್ವೆ, ವಡೆ, ಪಾಯಸ. ಹಾಲು ಕರೆಯುವುದು ಬೆಳಗ್ಗೆ ಮತ್ತು ಸಂಜೆಯಾದರೂ ಎಲೆಯೂಟಕ್ಕಾಗಿ ತಿಮ್ಮರಾಯಪ್ಪ ಮಧ್ಯಾಹ್ನ ಮತ್ತೊಮ್ಮೆ ರತ್ನಿಯನ್ನು ಹೊಡೆದುಕೊಂಡು ಬರತೊಡಗಿದ. ಹಸು ತಿಂದು ಉಳಿಸಿದ್ದನ್ನೂ, ಅಡಿಗೆಮನೆಯಲ್ಲಿ ಮಿಕ್ಕಿದ್ದನ್ನೂ ಬಕೇಟಿಗೆ ತುಂಬಿಸಿಕೊಂಡು ಹೋಗಿ ಸಂಜೆಗೂ ಅದನ್ನೇ ಸುರಿಯುತ್ತಿದ್ದ. ಮೊದಲ ನಾಲ್ಕೈದು ದಿನ ಹಾಲು ಅರ್ಧ ಸೇರು ಏರಿತು. ಅಷ್ಟಕ್ಕೇ ಅವನು ನೆಲದ ಮೇಲೆ ನಿಲ್ಲದಾದ. ಕೊಟ್ಟಿಗೆಯ ಹಿಂದಿದ್ದ ರಾಗಿಹುಲ್ಲಿನ ಮೆದೆಯನ್ನು ಬಾಮೈದ ಬೋರಣ್ಣನ ಗಾಡಿಗೆ ತಾನೇ ನಿಂತು ಹೇರಿಸಿದ.

"ನಮ್ ರತ್ನಿಗೆ ಹುಲ್ಲು ಯಾಕೆ ಬೋರಣ್ಣ? ಜಯನಗರಕ್ಕೆ ಜಯನಗರವೇ ಎಲೆ ಹಾಕಿ ಉಣ್ಣುಸ್ತೈತೆ. ನಿಮ್ಮ ದನ ತಿನ್ಲಿ, ತಗೊಂಡೋಗು," ಎಂದ.

ಮಂಗಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಹುಲ್ಲಿಲ್ದೆ ಹಸ ಮೆಲುಕು ಏನನ್ನ ಹಾಕ್ತದೆ?" ಎಂದು ಕೇಳಿದಳು. ಅವನು ಗಾಡಿಯ ಹಗ್ಗ ಬಿಗಿದ. ಗಾಡಿ ಹೊರಟುಹೋಯಿತು.

ರಸ್ತೆಯ ಏಳನೇ ಮನೆ, ಕಡೆಯದು, ಸೇತುರಾಮ ಎಂಬ ಗುಮಾಸ್ತರದು. ಅವರ ಹೆಂಡತಿ ವಾರಿಜಾಗೆ ಆಗ ಇಪ್ಪತ್ತಾರೋ ಇಪ್ಪತ್ತೇಳೋ. ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚನ್ನಪಟ್ಟಣದ ಕಡೆ ಹಳ್ಳಿಯಲ್ಲಿ, ಕೊಟ್ಟಿಗೆ ತುಂಬ ದನವಿದ್ದ ಮನೆಯಲ್ಲಿ ಬೆಳೆದವಳು. ತಿಥಿಗಳೆಲ್ಲ ಬಸವನಗುಡಿಯ ಭಾವನ ಮನೆಯಲ್ಲೇ ನಡೆಯುತ್ತಿದ್ದುದರಿಂದ ಅವಳ ಮನೆಯಲ್ಲಿ ಎಲೆ ಹಾಕುವ ಸಂದರ್ಭ ಬರುತ್ತಿರಲಿಲ್ಲ. ಬದಲಿಗೆ ಪಕ್ಕದ ಖಾಲಿ ಸೈಟಿನಿಂದ ಕುಡುಗೋಲಿನಲ್ಲಿ ಒಂದು ಹಿಡಿ ಹಸಿ ಹುಲ್ಲು ಕೊಯ್ದು ತಂದು ರತ್ನಿಯ ಮುಂದೆ ಹಿಡಿಯುತ್ತಿದ್ದಳು. ಉಳಿದ ಆರು ಮನೆಯವರಿಗೆ ಇದು ಜಿಪುಣತನವಾಗಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ತಿಮ್ಮರಾಯಪ್ಪನಿಗೂ ಹಾಗೇ ಕಾಣುತ್ತಿತ್ತು.

ಪಿತೃಪಕ್ಷ ಮುಗಿಯಲು ನಾಲ್ಕು ದಿನವಿದ್ದಾಗ, ಒಂದು ಬೆಳಗ್ಗೆ, ಅವಳು ಹುಲ್ಲು ಹಿಡಿದವಳು ಹಾಗೇ ನಿಂತು ಹಸುವನ್ನು ಹಿಂದಿನಿಂದ ಮುಂದಿನ ತನಕ ನೋಡಿದಳು.

"ತಿಮ್ಮರಾಯಪ್ಪ, ಸಗಣಿ ನೋಡಿದ್ಯಾ? ನೀರಾಗಿ ಹೋಗ್ತಿದೆ. ಬಾಲ, ತೊಡೆ, ಕೆಚ್ಚಲು ಎಲ್ಲಾ ಮೆತ್ಕೊಂಡಿದೆ. ಮೆಲುಕೂ ಹಾಕ್ತಿಲ್ಲ. ಈ ಅನ್ನ ನಿಲ್ಸಪ್ಪ. ನಾಲ್ಕು ದಿನ ಬರೀ ಒಣಹುಲ್ಲು ಹಾಕು. ಕೆಚ್ಚಲು ಹೇಗೆ ಬಿಗ್ದಿದೆ ನೋಡು, ನನಗೆ ನೋಡೋಕೇ ಭಯ ಆಗುತ್ತೆ."

ಅವನ ಮನೆಯವರು ಅಜ್ಜನ ಕಾಲದಿಂದ ದನ ಕಟ್ಟಿದವರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದ ಈ ಗುಮಾಸ್ತರ ಹೆಂಡತಿ ಅವನಿಗೆ ಸಗಣಿ ತೋರಿಸಿ ಪಾಠ ಹೇಳುವುದೇ?

"ಆಯ್ತು ಅಮ್ಮಾವ್ರೆ, ನೀವ್ ಹೇಳಿದ್ ಮೇಲೆ ಮುಗೀತು," ಎಂದು ವ್ಯಂಗ್ಯವಾಗಿ ಅಂದು ಹಗ್ಗ ಎಳೆದುಕೊಂಡು ಹೊರಟ. ಅವಳ ಕೈಯ ಹುಲ್ಲು ಕೈಯಲ್ಲೇ ಉಳಿಯಿತು. ಆ ದಿನ ಮಧ್ಯಾಹ್ನ ಹಟಕ್ಕೆ ಬಿದ್ದವನಂತೆ ಮಾಮೂಲಿಗಿಂತ ಒಂದು ಬಕೇಟು ಹೆಚ್ಚೇ ತಿನ್ನಿಸಿದ.

ಮೂರನೇ ದಿನ ಬೆಳಗ್ಗೆ ಅಮ್ಮಣ್ಣಿಯವರ ಗೇಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಡಗಡೆ ಹಿಂದಿನ ಮೊಲೆಗೆ ಕೈಹಾಕಿದಾಗ ರತ್ನಿ ಒದೆಯಿತು. ಜನ್ಮದಲ್ಲಿ ಒದ್ದ ಹಸುವಲ್ಲ ಅದು. ಕೆಚ್ಚಲಿನ ಆ ಭಾಗ ಕಲ್ಲಾಗಿತ್ತು, ಕೈಗೆ ಬಿಸಿ ಹೊಡೆಯುತ್ತಿತ್ತು. ಗದರಿಸಿ, ಒತ್ತಿ ಹಿಂಡಿದ. ಚೊಂಬಿಗೆ ಬಿದ್ದದ್ದು ಹಾಲಲ್ಲ. ಒಡೆದ ಗಡ್ಡೆ, ಹಳದಿ ನೀರು, ಅದರೊಳಗೆ ರಕ್ತದ ಎಳೆ.

"ಇದೇನೋ ಇದು! ಥೂ, ರಕ್ತ!" ಎಂದು ಅಮ್ಮಣ್ಣಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಮಡಿ ಉಟ್ಟಿದ್ದರು ಬೇರೆ. ಅಕ್ಕಪಕ್ಕದ ಗೇಟಿನವರೂ ಇಣುಕಿದರು. ಖಾಲಿ ಚೊಂಬನ್ನು ಬೋರಲು ಹಾಕಿ ತೋರಿಸುತ್ತಿದ್ದ ಕೈಯಲ್ಲಿ ಈಗ ಕೀವು ತುಂಬಿದ ಚೊಂಬಿತ್ತು. ತಿಮ್ಮರಾಯಪ್ಪನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಕ್ಷಣಕ್ಕೆ ಅವನಿಗೆ ಒಂದು ಕಾರಣ ಬೇಕಿತ್ತು. ತನ್ನದಲ್ಲದ, ಯಾವುದಾದರೂ ಒಂದು ಕಾರಣ. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಕಣ್ ಬಿದ್ದೈತೆ ಅಮ್ಮಾವ್ರೆ. ಮೊನ್ನೆ ಕಡೇ ಮನೆ ಅಮ್ಮಾವ್ರು ಕೆಚ್ಚಲು ನೋಡ್ಕೊಂಡು ನಿಂತ್ಬುಟ್ಟಿದ್ರು. ಹೆಂಗ್ ಬಿಗ್ದೈತೆ, ಹೆಂಗ್ ಬಿಗ್ದೈತೆ ಅಂತ."

ಅವನು ಅಂದದ್ದು ಅಷ್ಟೇ. ಉಳಿದದ್ದನ್ನು ಅಮ್ಮಣ್ಣಿಯವರೇ ತುಂಬಿಸಿಕೊಂಡರು. "ಮಡಿಲು ತುಂಬದೋಳು, ತುಂಬಿದ ಕೆಚ್ಚಲು ನೋಡಿದ್ರೆ ಇನ್ನೇನಾಗುತ್ತೆ!" ಎಂದರು. ಅಲ್ಲ, ನಾನು ಹಾಗೆ ಹೇಳಲಿಲ್ಲ ಎನ್ನಬಹುದಾಗಿತ್ತು. ತಿಮ್ಮರಾಯಪ್ಪ ತಲೆಯಾಡಿಸಿದ. ಹಾಲಿಲ್ಲ ಎಂದು ಹೇಳಲು ಉಳಿದ ಮನೆಗಳಿಗೂ ಹೋಗಬೇಕಾಯಿತಲ್ಲ, ಪ್ರತಿ ಗೇಟಿನಲ್ಲೂ ಅದೇ ಮಾತು ಹೇಳಿದ, ಮತ್ತು ಪ್ರತಿ ಗೇಟಿನಲ್ಲೂ ಅದು ಸ್ವಲ್ಪ ಸ್ವಲ್ಪ ಬೆಳೆಯಿತು. ಆರನೇ ಮನೆಯ ಹೊತ್ತಿಗೆ ಅವನೇ ಅದನ್ನು ನಂಬಿದ್ದ. ಏಳನೇ ಮನೆಗೆ ಮಾತ್ರ ಹೋಗಲಿಲ್ಲ.

ಮನೆಗೆ ಬಂದು ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿದ. ಅರಿಶಿನ ಸುಣ್ಣ ಬಳಿದ. ಎರಡು ದಿನವಾದರೂ ರತ್ನಿ ಮೇವು ಮುಟ್ಟಲಿಲ್ಲ, ಬಾವು ಇಳಿಯಲಿಲ್ಲ. ಕೊನೆಗೆ ಮಂಗಮ್ಮ ತಾನೇ ಹಗ್ಗ ಹಿಡಿದು ದನದ ಆಸ್ಪತ್ರೆಗೆ ಹೊರಟಳು. ಹೆಂಗಸು ಹಸು ಹೊಡೆದುಕೊಂಡು ಹೋದರೆ ನೋಡಿದವರು ಏನೆಂದಾರು ಎಂದು ಇವನೂ ಹಿಂದೆ ಓಡಿದ.

ಡಾಕ್ಟರು ಗೌರೀಶಂಕರ ಎಂಬ ಕುಳ್ಳಗಿನ, ಮಾತು ಒರಟಾದ ಮನುಷ್ಯ. ಕಪ್ಪು ಬಟ್ಟೆಯ ಮೇಲೆ ಒಂದು ಧಾರೆ ಹಿಂಡಿ ಗಡ್ಡೆ ನೋಡಿದರು. ಹೊಟ್ಟೆಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಏನ್ ಹಾಕ್ತಿದ್ದೆ ಇದಕ್ಕೆ?"

"ರಾಗಿ ಹುಲ್ಲು ಸ್ವಾಮಿ. ಬೂಸಾ, ಒಂಚೂರು ಹಿಂಡಿ."

ಅಷ್ಟರಲ್ಲಿ ರತ್ನಿ ನಿಂತಲ್ಲೇ ತೆಳ್ಳಗೆ ಹಾಕಿತು. ಡಾಕ್ಟರು ಒಂದು ಕಡ್ಡಿ ತೆಗೆದುಕೊಂಡು ಕೂತು ಅದನ್ನು ಕೆದಕಿದರು. ಕರಗದ ಅನ್ನದ ಅಗುಳುಗಳು ಬೆಳ್ಳಗೆ ಕಂಡವು. ಕಡ್ಡಿಯ ತುದಿಗೆ ಏನೋ ಉರುಟಾಗಿ ಸಿಕ್ಕಿತು. ಅದನ್ನು ಅವನ ಮೂಗಿನ ಹತ್ತಿರಕ್ಕೆ ಹಿಡಿದರು.

"ನಿಮ್ಮೂರ ರಾಗಿ ಹುಲ್ಲಲ್ಲಿ ದ್ರಾಕ್ಷಿ ಬಿಡುತ್ತೇನಯ್ಯಾ?"

ಪಾಯಸದ ದ್ರಾಕ್ಷಿ. ಸುತ್ತ ದನ ಹಿಡಿದುಕೊಂಡು ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಂಗಮ್ಮ ಒಬ್ಬಳೇ ನಗಲಿಲ್ಲ. ಅವಳು ಗಂಡನನ್ನು ನೋಡಿದಳು, ಅವನು ತನ್ನ ಕಾಲುಬೆರಳು ನೋಡಿಕೊಂಡ.

ನಗು ನಿಂತ ಮೇಲೆ ಡಾಕ್ಟರು ಮೊಲೆಯ ತೂತಿಗೆ ಪೆನ್ಸಿಲಿನ್ ಟ್ಯೂಬು ಏರಿಸುತ್ತ ಅವನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಹಸುವಿನ ಹೊಟ್ಟೆ ಇರುವುದು ಹುಲ್ಲಿಗೆ. ಹುಲ್ಲು ತಿಂದರೆ ಮೆಲುಕು ಹಾಕುತ್ತದೆ, ಮೆಲುಕು ಹಾಕಿದರೆ ಜೊಲ್ಲು ಇಳಿದು ಹೊಟ್ಟೆ ತಣ್ಣಗಿರುತ್ತದೆ. ಹುಲ್ಲು ತೆಗೆದು ಬರೀ ಅನ್ನ ಬೆಲ್ಲ ಸುರಿದರೆ ಒಳಗೆಲ್ಲ ಹುಳಿ ಏಳುತ್ತದೆ. ಮೈಯ ಕಸುವು ಕುಗ್ಗುತ್ತದೆ, ಭೇದಿಯಾಗುತ್ತದೆ. ಆ ಗಲೀಜು ಕೆಚ್ಚಲಿಗೆ ಮೆತ್ತಿಕೊಂಡು, ಮೊಲೆಯ ತೂತಿನಿಂದ ಸೋಂಕು ಒಳಗೆ ಹೋದರೆ ತಡೆಯುವ ಶಕ್ತಿ ಅದಕ್ಕಿರುವುದಿಲ್ಲ.

"ಒಂದು ಹಿಡಿ ಅನ್ನ ತಿಂದ್ರೆ ಹಸು ಸಾಯಲ್ಲಯ್ಯಾ. ನೀನು ಬಕೇಟ್‌ಗಟ್ಲೆ ತಿನ್ಸಿದ್ದೀಯ. ಮುಂಚೇನೇ ಯಾರೂ ಹೇಳ್ಲಿಲ್ವಾ ನಿನಗೆ?"

ಹೇಳಿದ್ದರು. ಕೈಯಲ್ಲಿ ಹುಲ್ಲು ಹಿಡಿದುಕೊಂಡೇ ಹೇಳಿದ್ದರು. "ಇಲ್ಲ ಸ್ವಾಮಿ," ಎಂದ ತಿಮ್ಮರಾಯಪ್ಪ.

ರತ್ನಿ ಉಳಿಯಿತು. ಎಡಗಡೆ ಹಿಂದಿನ ಮೊಲೆ ಮಾತ್ರ ಬತ್ತಿಹೋಯಿತು, ಮತ್ತೆಂದೂ ಅದರಲ್ಲಿ ಹಾಲು ಬರಲಿಲ್ಲ. ಮಂಗಮ್ಮ ಮೆದೆ ಇದ್ದ ಜಾಗವನ್ನು ನೋಡಿ ನಿಟ್ಟುಸಿರು ಬಿಟ್ಟು, ತವರಿಗೆ ಹೋಗಿ ತಮ್ಮನನ್ನು ಕೇಳಿಕೊಂಡು ಅರ್ಧ ಗಾಡಿ ಹುಲ್ಲು ವಾಪಸು ತರಿಸಿದಳು. ಬೋರಣ್ಣ ಹುಲ್ಲಿನ ಜೊತೆಗೆ ನಗುವನ್ನೂ ಕಳಿಸಿಕೊಟ್ಟ. ಅದನ್ನು ತಿಮ್ಮರಾಯಪ್ಪ ಹೇಗೋ ನುಂಗಿಕೊಂಡ.

ನುಂಗಲಾಗದ್ದು ಬೇರೆ ಇತ್ತು. ಹತ್ತು ದಿನ ಬಿಟ್ಟು ಅವನು ಮತ್ತೆ ರಸ್ತೆಗೆ ಬಂದಾಗ ನವರಾತ್ರಿ ನಡೆಯುತ್ತಿತ್ತು. ಮನೆಮನೆಯಲ್ಲೂ ಗೊಂಬೆ ಕೂರಿಸಿದ್ದರು. ಸಂಜೆ ರಸ್ತೆಯ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಬೊಂಬೆ ಬಾಗಿನದ ತಿಂಡಿಗೆಂದು ಮನೆಯಿಂದ ಮನೆಗೆ ಓಡುತ್ತಿದ್ದರು. ಸಂಜೆಯ ಹಾಲಿಗೆ ಹೋದ ತಿಮ್ಮರಾಯಪ್ಪ ಕಣ್ಣಾರೆ ಕಂಡ. ಆ ಗುಂಪು ಆರನೇ ಮನೆಯಿಂದ ಹೊರಬಿದ್ದು ಹಾಗೇ ಹಿಂದಕ್ಕೆ ತಿರುಗಿತು. ಏಳನೇ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ದೀಪ ಹಚ್ಚಿದ ಗೊಂಬೆಯ ಮೆಟ್ಟಿಲುಗಳು ಕಾಣುತ್ತಿದ್ದವು. ವಾರಿಜಾ ರವೆ ಉಂಡೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಒಳಗೆ ಕೂತಿದ್ದಳು. ತಟ್ಟೆಯಲ್ಲಿ ಒಂದು ಉಂಡೆಯೂ ಕಡಿಮೆಯಾಗಿರಲಿಲ್ಲ. ಅರಿಶಿನ ಕುಂಕುಮಕ್ಕೂ ಆ ವರ್ಷ ಅವಳನ್ನು ಯಾರೂ ಕರೆಯಲಿಲ್ಲವಂತೆ. ಎಳೆ ಮಕ್ಕಳಿರುವ ಮನೆಯವರು ಅವಳು ಎದುರಿಗೆ ಬಂದರೆ ಮಗುವಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರಂತೆ.

ಅಂದೇ ಹೇಳಿಬಿಡಬೇಕೆಂದು ಅವನು ಅಮ್ಮಣ್ಣಿಯವರ ಗೇಟಿನಲ್ಲಿ ಬಾಯಿ ತೆರೆದ. ತೆರೆದದ್ದು ನಿಜ, ಅಷ್ಟು ಅವನ ಪರವಾಗಿ ಹೇಳಬೇಕು.

"ಅಮ್ಮಾವ್ರೆ, ಡಾಕ್ಟ್ರು ಹೇಳ್ತಿದ್ರು, ಅನ್ನ ಜಾಸ್ತಿ ಆಗಿ ಹಂಗಾಯ್ತಂತೆ..."

ಅಮ್ಮಣ್ಣಿಯವರ ಮುಖ ಬಿಗಿಯಿತು. "ಏನಂದೆ? ನಾವು ಪಿತೃಗಳ ಹೆಸರು ಹೇಳಿ ಗೋವಿಗೆ ಇಟ್ಟ ಅನ್ನ ರೋಗ ತಂತಾ? ಅಂದ್ರೆ ಆ ಪಾಪ ನಮ್ಮದು ಅಂತೀಯೇನೋ?"

ಏಳು ಮನೆಗಳಲ್ಲಿ ಮೊದಲನೆಯ ಮನೆ, ಮಿಕ್ಕವರು ಇವರ ಮುಖ ನೋಡಿ ನಡೆಯುವವರು. "ಅಯ್ಯೋ, ಎಲ್ಲಾದ್ರೂ ಉಂಟಾ ಅಮ್ಮಾವ್ರೆ! ಆ ಡಾಕ್ಟ್ರಿಗೆ ಏನ್ ಗೊತ್ತು," ಎಂದುಬಿಟ್ಟ. ಮೊದಲ ಸಲ ಆಡಿದ್ದು ಗಾಬರಿಯಲ್ಲಿ. ಈ ಸಲ ಗೊತ್ತಿದ್ದೂ ಆಡಿದ. ಅದಕ್ಕೇ ಇದು ಅವನನ್ನು ಹೆಚ್ಚು ಸುಟ್ಟಿತು.

ವಾರಿಜಾ ಅವನ ಹಾಲು ನಿಲ್ಲಿಸಿದ್ದಳು. ಬೇರೆ ಯಾರೋ ಸೈಕಲ್ಲಿನಲ್ಲಿ ತಂದುಕೊಡುತ್ತಿದ್ದರು. ರತ್ನಿಯ ಗಂಟೆ ಕೇಳಿಸಿದೊಡನೆ ಆ ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಅವಳು ರಂಗೋಲಿ ಇಡುತ್ತಿದ್ದಾಗ ಇವನು ಅನಿರೀಕ್ಷಿತವಾಗಿ ಬಂದುಬಿಟ್ಟ. ಗಂಟೆಯ ಸದ್ದಿಗೆ ಬೆಚ್ಚಿ, ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ, ಸೆರಗು ಕಣ್ಣ ಮೇಲೆ ಎಳೆದುಕೊಂಡು ನಿಂತಳು. ಹಸು ದಾಟುವ ತನಕ ತಿರುಗಲಿಲ್ಲ. ನನ್ನ ಮುಖ ನೋಡಲೂ ಹೇಸಿಗೆಯಾಗಿದೆ, ಆಗಲಿ, ನ್ಯಾಯವೇ ಎಂದುಕೊಂಡ ತಿಮ್ಮರಾಯಪ್ಪ. ಅವಳು ಕೋಪ ಮಾಡಿಕೊಂಡಿದ್ದಾಳೆ ಎಂಬುದರಲ್ಲಿ ಅವನಿಗೊಂದು ಸಮಾಧಾನವೂ ಇತ್ತು ನೋಡಿ. ಕೋಪ ಮಾಡಿಕೊಂಡವರ ಹತ್ತಿರ ಹೋಗಿ ಮಾತಾಡಬೇಕಾಗಿಲ್ಲವಲ್ಲ!

ಅಲ್ಲಿಂದ ಮುಂದೆ ಒಂದೂವರೆ ವರ್ಷ ಅವನು ಆ ರಸ್ತೆಯಲ್ಲಿ ತಲೆತಗ್ಗಿಸಿ ನಡೆದ. ಜರಗನಹಳ್ಳಿಗೆ ಹೋದರೆ ಹಸುವಿನ ಸುದ್ದಿ ಎತ್ತುತ್ತಿರಲಿಲ್ಲ. ಚೊಂಬನ್ನು ಬೋರಲು ಹಾಕಿ ತೋರಿಸುವಾಗ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಸುಳ್ಳಿಲ್ಲ ಎಂದು ತೋರಿಸುವ ಆ ಆಟವೇ ಅವನಿಗೆ ಅಸಹ್ಯವಾಗಿತ್ತು. ಮೇವನ್ನು ಮಾತ್ರ ಕಟ್ಟುನಿಟ್ಟಾಗಿ ಹಾಕತೊಡಗಿದ. ಬೆಳಗ್ಗೆ ಕತ್ತರಿಸಿದ ರಾಗಿಹುಲ್ಲು ಮೊದಲು, ಅದು ತಿಂದಾದ ಮೇಲೆ ಹಸಿ ಹುಲ್ಲು, ಬೂಸಾ ಹಿಂಡಿ ಅಳತೆಯಲ್ಲಿ. ಕರೆದಾದ ಮೇಲೆ ಮುಂದೆ ಒಂದು ಹೊರೆ ಹುಲ್ಲು ಹಾಕಿ ಹಸು ತಕ್ಷಣ ಕೊಚ್ಚೆಯಲ್ಲಿ ಮಲಗದಂತೆ ನೋಡಿಕೊಳ್ಳುತ್ತಿದ್ದ, ಅದೂ ಡಾಕ್ಟರು ಹೇಳಿದ್ದೇ. ಮುಂದಿನ ಪಿತೃಪಕ್ಷದಲ್ಲಿ ಎಲೆಗಳು ಮತ್ತೆ ಬಂದವು. ಮನೆಯವರ ಎದುರಿಗೆ ಒಂದು ತುತ್ತು ಮಾತ್ರ ತಿನ್ನಿಸಿ, "ಸಂಜೆ ತಿನ್ನುಸ್ತೀನಿ ಅಮ್ಮಾವ್ರೆ" ಎಂದು ಉಳಿದದ್ದನ್ನು ಬಕೇಟಿಗೆ ಹಾಕಿಕೊಂಡು ಹೋಗಿ ತಿಪ್ಪೆಗೆ ಸುರಿದ. ದೇವರ ಅನ್ನ ತಿಪ್ಪೆಗೆ ಬೀಳುವುದನ್ನು ಮಂಗಮ್ಮ ನೋಡಿದಳು.

"ಮೂರು ಮೊಲೆಲಾದ್ರೂ ಹಸೂಗೆ ಹಾಲು ಬರ್ತದೆ. ಆ ಹೆಣ್ಣುಮಗಳಿಗೆ ನೀನು ಏನ್ ಉಳಿಸ್ದೆ?" ಎಂದಳು.

ಅವಳು ಕೂಗಾಡಿರಲಿಲ್ಲ. ಮುಸುರೆ ತಿಕ್ಕುತ್ತ ಅಂದ ಮಾತು. ಅವನು ಉಣ್ಣದೆ ಎದ್ದುಹೋದ. ಆ ಹೆಂಗಸು ಬಾಗಿಲಿಗೆ ಬಂದು ಒಂದು ಸಲ ಉಗಿದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನು ಎಷ್ಟೋ ದಿನ ಅಂದುಕೊಂಡಿದ್ದುಂಟು.

ಅರವತ್ತನೇ ಇಸವಿಯ ಮಾರ್ಚಿನಲ್ಲಿ ರತ್ನಿ ಮೂರನೇ ಕರು ಹಾಕಿತು. ಹಗಲು ಹೊತ್ತು, ಸಲೀಸಾದ ಹೆರಿಗೆ. ಕೆಚ್ಚಲಿನ ಮೂರು ಭಾಗವೂ ಮೆತ್ತಗೆ, ಒಂದು ಗಂಟಿಲ್ಲ. ಮಂಗಮ್ಮ ಗಿಣ್ಣು ಕಾಯಿಸಿ ಆರು ಮನೆಗೆ ಆರು ಲೋಟ ತುಂಬಿದಳು. ಆಮೇಲೆ ಇನ್ನೊಂದು ಲೋಟ ತೆಗೆದು ಅದನ್ನೂ ತುಂಬಿ ಗಂಡನ ಮುಂದಿಟ್ಟಳು. ತಿಮ್ಮರಾಯಪ್ಪ ಆರು ಲೋಟ ಕೊಟ್ಟು ಏಳನೆಯದನ್ನು ಹಾಗೇ ವಾಪಸು ತಂದ. ಮಂಗಮ್ಮ ಅದನ್ನು ತೆಗೆದುಕೊಂಡು ಹೋಗಿ ತಿಪ್ಪೆಗೆ ಸುರಿದಳು. ಗಿಣ್ಣು ಚೆಲ್ಲುವ ಹೆಂಗಸಲ್ಲ ಅವಳು.

ಹದಿನೈದನೇ ದಿನ ಅವನು ಹಸು ಕರು ಹೊಡೆದುಕೊಂಡು ಮತ್ತೆ ಬೆಳಗಿನ ವರ್ತನೆಗೆ ಹೊರಟ. ಗಂಟೆಯ ಸದ್ದಿಗೆ ಬಾಗಿಲುಗಳು ತೆರೆದವು. ಅಮ್ಮಣ್ಣಿಯವರು ಚೊಂಬು ಹಿಡಿದು ಗೇಟಿಗೆ ಬಂದರು. ತಿಮ್ಮರಾಯಪ್ಪ ನಿಲ್ಲಲಿಲ್ಲ. ನಿಂತರೆ ಕೂರುತ್ತೇನೆ, ಕೂತರೆ ಹಾಲು ಕರೆಯುತ್ತೇನೆ, ಕರೆದರೆ ಎಲ್ಲ ಹಿಂದಿನಂತೆಯೇ ನಡೆದುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಎಲ್ಲಿಗೋ? ಬಾಣಂತಿ ಹಸು! ಆ ಮನೆ ಮುಂದೆ ಹೋಗಿ ಮತ್ತೆ ಕೆಚ್ಚಲು ಕೆಡಿಸ್ಕೋತೀಯಾ?" ಎಂದು ಅಮ್ಮಣ್ಣಿಯವರು ಹಿಂದಿನಿಂದ ಕೂಗಿದರು.

ಏಳನೇ ಮನೆಯ ಕಿಟಕಿ ಆಗಲೇ ಮುಚ್ಚಿತ್ತು. ಅವನು ಗೇಟಿಗೆ ರತ್ನಿಯನ್ನು ಕಟ್ಟಿ, "ಅಮ್ಮಾವ್ರೆ, ಒಂದ್ ಗಳಿಗೆ ಈಚೆ ಬನ್ನಿ," ಎಂದು ಕರೆದ. ಮೂರು ಸಲ ಕರೆದ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ವಾರಿಜಾ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ, ಅವನಿಗೆ ಬೆನ್ನು ಮಾಡಿಕೊಂಡು ನಿಂತಿದ್ದಳು. ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ತಿಮ್ಮರಾಯಪ್ಪ ಕತ್ತು ಬಗ್ಗಿಸಿದ.

"ಯಾಕಪ್ಪ ಇಲ್ಲಿ ಕಟ್ಟಿದೆ?" ಅವಳು ತಿರುಗದೆಯೇ ಕೇಳಿದಳು. "ಹೊಸದಾಗಿ ಕರು ಹಾಕಿದೆ ಅಂತಾರೆ. ಬೇಗ ಕರ್ಕೊಂಡು ಹೋಗು. ನಾನು ನೋಡಿಲ್ಲ, ನಿಜವಾಗ್ಲೂ ನೋಡಿಲ್ಲ. ಗಂಟೆ ಕೇಳಿದ ತಕ್ಷಣ ನಾನು ಈ ಕಡೆ ತಿರುಗಿಬಿಡ್ತೀನಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಹೊಳೆಯಿತು. ಆ ಗೋಡೆಯ ಕಡೆ ತಿರುಗಿದ ಮುಖ, ಕಣ್ಣ ಮೇಲಿನ ಸೆರಗು, ಮುಚ್ಚಿದ ಕಿಟಕಿ, ಯಾವುದೂ ಕೋಪವಾಗಿರಲಿಲ್ಲ. ಅವಳು ಇಷ್ಟು ದಿನ ಅವನ ಹಸುವನ್ನು ಕಾಪಾಡುತ್ತಿದ್ದಳು. ತನ್ನ ಕಣ್ಣಿನಿಂದ.

ಅಷ್ಟರಲ್ಲಿ ಅಮ್ಮಣ್ಣಿಯವರು, ಅವರ ಹಿಂದೆ ಉಳಿದ ಹೆಂಗಸರು ಚೊಂಬು ಹಿಡಿದುಕೊಂಡೇ ಅಲ್ಲಿಗೆ ಬಂದಿದ್ದರು. ತಿಮ್ಮರಾಯಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮಾತು ತಡವರಿಸಿದರೂ ದನಿ ಮಾತ್ರ ಜೋರಾಗಿಯೇ ಬಂತು, ಆರು ಗೇಟುಗಳಿಗೂ ಕೇಳಿಸುವಷ್ಟು.

"ಈಯಮ್ಮ ಕಣ್ ಹಾಕ್ಲಿಲ್ಲ. ಬುದ್ಧಿ ಹೇಳುದ್ರು. ಸಗಣಿ ನೀರಾಗೈತೆ, ಅನ್ನ ನಿಲ್ಸು, ಹುಲ್ಲು ಹಾಕು ಅಂದ್ರು. ನಾನು ಹುಲ್ಲಿನ ಮೆದೇನೇ ಗಾಡಿಗೆ ಹೇರುಸ್ಬುಟ್ಟು ಬಕೇಟ್‌ಗಟ್ಲೆ ಅನ್ನ ಪಾಯಸ ಸುರುದೆ. ಅದರಿಂದ್ಲೇ ಕೆಚ್ಚಲು ಬಾವು ಬಂದಿದ್ದು. ಡಾಕ್ಟ್ರು ಆ ವಾರವೇ ಸಗಣಿಲಿ ದ್ರಾಕ್ಷಿ ತೆಗ್ದು ತೋರ್ಸುದ್ರು. ನಂಗೆ ಅವತ್ತಿಂದ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

"ಅಂದ್ರೆ ನಮ್ಮ ಅನ್ನ ವಿಷ ಅನ್ನು!" ಎಂದರು ಅಮ್ಮಣ್ಣಿಯವರು.

"ನಿಮ್ದು ತಪ್ಪಿಲ್ಲ ಅಮ್ಮಾವ್ರೆ. ನೀವು ಹಿಡಿ ಇಟ್ರಿ, ನಾನು ಬಕೇಟ್ ಒಡ್ಡಿದೆ. ತಪ್ಪು ನಂದು. ಸುಳ್ಳೂ ನಂದು. ನಿಮ್ಗೆಲ್ಲ ಮನೆಮನೆಗೂ ಬಂದು ಹೇಳ್ದೋನು ನಾನೇ ಅಲ್ವಾ?"

ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬಂದಿದ್ದ ಒಬ್ಬಾಕೆ, ಅಭ್ಯಾಸಬಲದಿಂದ ಅದರ ಮುಖಕ್ಕೆ ಹಿಡಿದಿದ್ದ ಸೆರಗನ್ನು ಮೆಲ್ಲಗೆ ಕೆಳಗಿಳಿಸಿದಳು. ಅಮ್ಮಣ್ಣಿಯವರು ಸರಕ್ಕನೆ ತಿರುಗಿ ಮನೆಗೆ ನಡೆದರು. ಅವರ ಹಿಂದೆ ಇನ್ನೂ ಇಬ್ಬರು ಹೋದರು.

ಬಾಗಿಲು ಪೂರ್ತಿ ತೆರೆಯಿತು. ವಾರಿಜಾ ಇನ್ನೂ ಹಸುವಿನ ಕಡೆ ನೋಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅದು ನನ್ನ ಕಣ್ಣಲ್ವಾ?" ಎಂದು ಕೇಳಿದಳು.

"ಅಲ್ಲ ತಾಯಿ."

"ಸರಿಯಾಗಿ ಹೇಳಪ್ಪ. ನಿಜವಾಗ್ಲೂ ಅಲ್ವಾ?"

"ನನ್ ಮಕ್ಕಳಾಣೆಗೂ ಅಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬಸವನಗುಡಿ ಭಾವನ ಮನೇಲಿ ನಮ್ಮಕ್ಕ ಇದ್ದಾಳೆ. ಅವಳಿಗೆ ಮಗು ಆಗಿ ಒಂದು ವರ್ಷ ಮೂರು ತಿಂಗಳಾಯ್ತು. ನಾನು ಎತ್ಕೊಂಡಿಲ್ಲ. ಹೋದ್ರೂ ತಲೆ ಬಗ್ಗಿಸ್ಕೊಂಡೇ ಕೂತಿರ್ತೀನಿ. ಅದರ ಪಾದ ಮಾತ್ರ ನೋಡಿದೀನಿ," ಎಂದಳು.

ತಿಮ್ಮರಾಯಪ್ಪ ವಸ್ತ್ರದಿಂದ ಮುಖ ಒರೆಸಿಕೊಂಡ. ಮತ್ತೆ ಮತ್ತೆ ಒರೆಸಿಕೊಂಡ. ಹಾಲು ಕರೆಯಲೋ ಎಂದು ಕೇಳಲೂ ಅವನಿಗೆ ನಾಚಿಕೆಯಾಯಿತು. ಕೇಳಲಿಲ್ಲ. ಮಿಕ್ಕ ಮೂರು ಮನೆಗೆ ಹಾಲು ಕರೆದುಕೊಟ್ಟ. ಅಮ್ಮಣ್ಣಿಯವರ ಮನೆಯೂ ಸೇರಿ ಮೂರು ಮನೆಯ ವರ್ತನೆ ಅಂದಿಗೆ ತಪ್ಪಿತು, ಮತ್ತೆ ಸಿಗಲಿಲ್ಲ. ಅದಕ್ಕಾಗಿ ಅವನೇನೂ ಕೊರಗಲಿಲ್ಲ.

ಮನೆಯ ಕಡೆ ಹೊರಟು ರಸ್ತೆಯ ತಿರುವಿಗೆ ಬಂದಿದ್ದನಷ್ಟೆ, ಹಿಂದಿನಿಂದ ಬೇಗ ಬೇಗ ಹೆಜ್ಜೆಯ ಸದ್ದು ಕೇಳಿಸಿತು. ವಾರಿಜಾ. ಒಲೆ ಹಚ್ಚಿರಲಿಲ್ಲವೋ ಏನೋ, ಸೀರೆಯನ್ನೂ ಬದಲಾಯಿಸದೆ ಬಾಗಿಲನ್ನು ಹಾಗೇ ಎಳೆದುಕೊಂಡು ಬಸವನಗುಡಿಯ ಕಡೆ ಹೊರಟಿದ್ದಳು. ತಿಮ್ಮರಾಯಪ್ಪ ರತ್ನಿಯ ಹಗ್ಗ ಗಿಡ್ಡ ಹಿಡಿದು ಪಕ್ಕಕ್ಕೆ ಎಳೆದು ದಾರಿ ಬಿಟ್ಟ. ದಾಟುವಾಗ ಅವಳು ತಲೆ ಎತ್ತಿ ಹಸುವನ್ನೂ ಕರುವನ್ನೂ ಒಂದು ಸಲ ನೋಡಿದಳು. ಅವನು ನೆಲ ನೋಡಿಕೊಂಡು ನಿಂತಿದ್ದ.